ಹನ್ನೆರಡು ನಿಮಿಷದ ಸಾಕ್ಷಿ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆ,
ಬುಧವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

'ಪ್ರೀತಿಯ' ಎಂದು ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಹತ್ತೊಂಬತ್ತು ವರ್ಷದಿಂದ ನಿನಗೆ ಒಂದು ಸಾಲೂ ಬರೆಯದ ಕೈ ಇದು, ಎಡವುವುದು ಸಹಜ. ಅಳಿಸಲಿಲ್ಲ, ಇರಲಿ. ನಿನ್ನ ಆರೋಗ್ಯ ಹೇಗಿದೆ? ಮೊಣಕಾಲು ನೋವು ಕಡಿಮೆಯಾಯಿತಾ? ಅಮ್ಮನನ್ನು ಮಣ್ಣು ಮಾಡಿದ ದಿನ, ಪ್ರಾರ್ಥನೆ ಮುಗಿದು ಎಲ್ಲರೂ ಎದ್ದಾಗ ನೀನು ಬೆಂಚಿನ ಅಂಚು ಹಿಡಿದುಕೊಂಡು ಎದ್ದದ್ದನ್ನು ನೋಡಿದ್ದೆ. ನೋಡಿಯೂ ನೋಡದವಳ ಹಾಗೆ ಆ ಕಡೆ ತಿರುಗಿಕೊಂಡೆ. ಅದಾಗಿ ಎರಡು ವರ್ಷ. ಭಾವ ಚೆನ್ನಾಗಿದ್ದಾರಾ? ನಿನ್ನ ಮಗಳು ಆವತ್ತೇ ನಿನ್ನ ಕಿವಿಯ ಮಟ್ಟಕ್ಕೆ ಬೆಳೆದಿದ್ದಳು, ಈಗ ನಿನ್ನನ್ನು ಮೀರಿಸಿರಬೇಕು. ನಾನೂ ಇದ್ದೇನೆ. ಕೆಲಸ ನಡೆಯುತ್ತಿದೆ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲ. ಮನಸ್ಸು ಮಾತ್ರ ಭಾನುವಾರದಿಂದ ಕೂತಲ್ಲಿ ಕೂರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ.

ಸುತ್ತಿ ಬಳಸಿ ಹೇಳುವ ತಾಳ್ಮೆ ನನಗೆ ಚಿಕ್ಕಂದಿನಿಂದಲೂ ಇಲ್ಲ, ನಿನಗೇ ಗೊತ್ತು. ಪಾಸ್ಟರಮ್ಮನ ಫೋನಿನಿಂದ ನಿನ್ನ ಫೋನಿಗೆ ಒಂದು ರೆಕಾರ್ಡಿಂಗ್ ಬರಬಹುದು, ಹನ್ನೆರಡು ನಿಮಿಷದ್ದು. ಬಂದಿದ್ದರೆ ದಯವಿಟ್ಟು ಈ ಕಾಗದ ಓದಿ ಮುಗಿಸುವವರೆಗೆ ಅದನ್ನು ಕೇಳಬೇಡ. ಭಾವನ ಎದುರಿಗಂತೂ ಬೇಡವೇ ಬೇಡ. ನಿನ್ನ ಫೋನು ದಿನವಿಡೀ ಮಗಳ ಕೈಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು; ಅವಳಿಂದಲೂ ಈಸಿಕೊಂಡು ಹತ್ತಿರ ಇಟ್ಟುಕೋ. ಅದರಲ್ಲಿ ಮಾತಾಡಿರುವವಳು ನಾನು. ಮಾತಾಡಿರುವುದು ನಿನ್ನ ವಿಷಯ. ಬಹುಶಃ ನಿನ್ನ ಮನೆಯಲ್ಲಿ ಯಾರಿಗೂ ತಿಳಿದಿರದ ಒಂದು ಸಂಗತಿಯನ್ನು ಇಡೀ ಸಭೆಯ ಮುಂದೆ ಮೈಕು ಹಿಡಿದು ಹೇಳಿಬಿಟ್ಟಿದ್ದೇನೆ. ಅದು ಹೇಗಾಯಿತು ಎಂದು ತಿಳಿಸುವುದಕ್ಕೇ ಈ ಕಾಗದ. ನಿನ್ನ ನಂಬರು ಪಾಸ್ಟರಮ್ಮನ ಹತ್ತಿರ ಇದೆ, ಕೇಳಿದರೆ ಕೊಡುತ್ತಾರೆ. ಆದರೆ ಫೋನಿನಲ್ಲಾದರೆ ನಾನು ಮೂರನೇ ಮಾತಿಗೆ ಜಗಳ ತೆಗೆಯುವವಳು. ಕಾಗದದಲ್ಲಿ ತೆಗೆದ ಜಗಳವನ್ನು ಹರಿದು ಹಾಕಬಹುದು. ಈಗಾಗಲೇ ಮೂರು ಹಾಳೆ ಹರಿದಿದ್ದೇನೆ. ನಮ್ಮ ಅಂಗಡಿಯಲ್ಲಿ ಕಾಗದಕ್ಕೇನೂ ಬರವಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾವಿಬ್ಬರೂ ಅದನ್ನು ಒಂದು ಸಲವೂ ಎದುರುಬದುರು ಕೂತು ಮಾತಾಡಿಲ್ಲವಲ್ಲ. ನನಗಾಗ ಇಪ್ಪತ್ತೆರಡು. ಮೂರ್ಛೆ ಬರಲು ಶುರುವಾಗಿ ಎರಡು ವರ್ಷವಾಗಿತ್ತು. ಗೊತ್ತಿದ್ದದ್ದು ಅಮ್ಮನಿಗೆ, ನಿನಗೆ, ಡಾಕ್ಟರಿಗೆ, ಅಷ್ಟೇ. ಗಡಿಯಾರ ರಿಪೇರಿಯವರ ಜೊತೆ ನನ್ನ ಮದುವೆಯ ಮಾತು ನಡೆದಿತ್ತು. ಅವರು ಆರಾಧನೆಯಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಕೂತು ರಾಗ ತಪ್ಪಿ, ಆದರೆ ಮನಸ್ಸಿಟ್ಟು ಹಾಡುತ್ತಿದ್ದದ್ದು ನನಗೆ ಇಷ್ಟವಾಗಿತ್ತು. ನನ್ನ ಕಾಯಿಲೆಯ ವಿಷಯ ನಾನೇ ಅವರಿಗೆ ಹೇಳಬೇಕೆಂದು ತೀರ್ಮಾನಿಸಿ ನಿನಗೂ ಹೇಳಿದ್ದೆ. 'ಭಾನುವಾರ ನಾನೇ ಹೇಳ್ತೀನಿ, ಅಲ್ಲಿವರೆಗೂ ನೀನು ಸುಮ್ನಿರು.' ಕನ್ನಡಿಯ ಮುಂದೆ ನಿಂತು ಬಾಯಿಪಾಠವನ್ನೂ ಮಾಡಿಕೊಂಡಿದ್ದೆ. ಶುಕ್ರವಾರ ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ಯಾರಿಗಾದರೂ ಪ್ರಾರ್ಥನೆಯ ವಿಷಯಗಳಿದ್ದರೆ ತಿಳಿಸಿ ಎಂದಾಗ ನೀನು ಎದ್ದು ನಿಂತೆ. ಕರ್ತನೇ, ನನ್ನ ತಂಗಿಗೆ ಮೂರ್ಛೆ ಬರುತ್ತದೆ ಎಂದು ಶುರುಮಾಡಿ, ಎಷ್ಟು ಸಲ ಬಂತು, ಎಲ್ಲೆಲ್ಲಿ ಬಿದ್ದಳು, ನಾಲಿಗೆ ಕಚ್ಚಿಕೊಂಡದ್ದು, ಬಟ್ಟೆ ಒದ್ದೆಯಾದದ್ದು, ಎಲ್ಲವನ್ನೂ ದೇವರಿಗೆ ವರದಿ ಒಪ್ಪಿಸಿದೆ, ಅವನಿಗೇನೋ ಗೊತ್ತಿಲ್ಲ ಎಂಬ ಹಾಗೆ. ನಾನು ಪಕ್ಕದ ಕೋಣೆಯಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದೆ. ಗಡಿಯಾರದವರ ಚಿಕ್ಕಮ್ಮ ಎರಡನೇ ಸಾಲಿನಲ್ಲಿದ್ದರು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಮುಚ್ಚುವುದು ಕಣ್ಣನ್ನು, ಕಿವಿಯನ್ನಲ್ಲ. ಶನಿವಾರ ಸಂಜೆಗೆ ಮಾತು ಮುರಿದುಬಿತ್ತು. ಭಾನುವಾರ ನನಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ನಾನೇ ಹೇಳಿದ್ದರೂ ಅವರು ಬೇಡವೆನ್ನುತ್ತಿದ್ದರೋ ಏನೋ. ಆದರೆ ನನ್ನ ಮುಖ ನೋಡಿ, ನನ್ನ ಬಾಯಿಂದ ಕೇಳಿ ಬೇಡವೆನ್ನುತ್ತಿದ್ದರು. ಅದು ತಪ್ಪಿಹೋಯಿತಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿದದ್ದು. ಆಮೇಲೆ ಬೀದಿಯಲ್ಲಿ ಸಿಕ್ಕ ಹೆಂಗಸರೆಲ್ಲ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ 'ನಿನಗೋಸ್ಕರ ಪ್ರಾರ್ಥನೆ ಮಾಡ್ತಿದೀವಮ್ಮ' ಅನ್ನುತ್ತಿದ್ದರು. ಆ ವಾಲಿದ ತಲೆಗಳನ್ನು ನೋಡಿದರೆ ಇನ್ನೊಂದು ಸಲ ಬಿದ್ದುಬಿಡೋಣ ಅನ್ನಿಸುತ್ತಿತ್ತು. ನೀನು ಅಂದದ್ದು ಒಂದೇ ಮಾತು, 'ನಾನು ಪ್ರಾರ್ಥನೆಗೆ ಹೇಳಿದ್ದು ಕಣೆ, ಜನಕ್ಕೆ ಹೇಳಿದ್ದಲ್ಲ.' ಆವತ್ತೇ ನಿನ್ನ ಮೇಲೆ ಕದ ಹಾಕಿಕೊಂಡೆ. ಅಮ್ಮನಿಗೂ ಕಟ್ಟಪ್ಪಣೆ ಮಾಡಿದೆ. ನನ್ನ ಮೈ, ನನ್ನ ಮನೆ, ನನ್ನ ಕೆಲಸ, ಯಾವುದರ ಸುದ್ದಿಯೂ ನಿನ್ನ ಕಿವಿಗೆ ಬೀಳಕೂಡದು, ಬಿದ್ದರೆ ನಾನು ಮನೆ ಬಿಟ್ಟು ಹೋಗುತ್ತೇನೆ ಎಂದೆ. ಅಮ್ಮ ನಿನ್ನ ಸುದ್ದಿಯನ್ನು ನನಗೆ ತಂದು ಹೇಳುತ್ತಿದ್ದಳು, ನಾನು ಕೇಳದವಳ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ನನ್ನದು ಮಾತ್ರ ಆ ಕಡೆ ಹೋಗಲಿಲ್ಲ. ಸಭೆಯಲ್ಲೂ ಅಷ್ಟೇ, ಯಾರು ಏನು ಕೇಳಿದರೂ 'ದೇವರ ದಯೆ' ಅನ್ನುವುದು, ಚೀಲ ಎತ್ತಿಕೊಂಡು ಹೊರಡುವುದು.

ಆದರೂ ಸಭೆ ಬಿಡಲಿಲ್ಲ ನೋಡು. ಸಿಟ್ಟು ನಿನ್ನ ಮೇಲಿತ್ತು, ಯೇಸುಸ್ವಾಮಿಯ ಮೇಲಲ್ಲ. ಒಂದು ತೊಂದರೆ ಮಾತ್ರ ಇತ್ತು. ಅವರು ಕಲಿಸಿಕೊಟ್ಟ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುವಾಗ, ಬೇರೆಯವರ ತಪ್ಪನ್ನು ನಾವು ಕ್ಷಮಿಸುವ ವಿಷಯ ಬರುತ್ತದಲ್ಲ, ಅಲ್ಲಿಗೆ ಸರಿಯಾಗಿ ನನಗೆ ಕೆಮ್ಮು ಬರುತ್ತಿತ್ತು. ಮೊದಮೊದಲು ಬೇಕೆಂದೇ ಕೆಮ್ಮುತ್ತಿದ್ದೆ, ದೇವರ ಮುಂದೆ ಸುಳ್ಳು ಹೇಳುವುದಕ್ಕಿಂತ ವಾಸಿ ಎಂದು. ಬರಬರುತ್ತಾ ಅದೇ ಅಭ್ಯಾಸವಾಗಿ ತಾನಾಗಿಯೇ ಬರತೊಡಗಿತು. ಪಕ್ಕದಲ್ಲಿ ಕೂರುವ ನರ್ಸಮ್ಮ ಒಂದು ದಿನ ಗಂಟಲು ತೋರಿಸಿಕೋ ಎಂದು ಚೀಟಿ ಬರೆದುಕೊಟ್ಟರು. ಹತ್ತೊಂಬತ್ತು ವರ್ಷ ವಾರಕ್ಕೊಮ್ಮೆ ಅದೇ ಜಾಗದಲ್ಲಿ ಕೆಮ್ಮಿದ್ದೇನೆ ಅಕ್ಕಾ. ನಗು ಬಂದರೆ ನಕ್ಕುಬಿಡು.

ನಾಲ್ಕು ತಿಂಗಳ ಹಿಂದೆ ಪಾಸ್ಟರಮ್ಮ ಹೆಂಗಸರ ಕೂಟದ ಹಳೆಯ ಪುಸ್ತಕವನ್ನು ಬೈಂಡಿಂಗಿಗೆ ತಂದುಕೊಟ್ಟರು, ಪ್ರಾರ್ಥನೆಯ ವಿಷಯಗಳನ್ನು ತಾರೀಖು ಹಾಕಿ ಬರೆದಿಡುವ ಆ ದಪ್ಪ ಪುಸ್ತಕ. ಬೆನ್ನು ಕಿತ್ತುಹೋಗಿ, ಹಾಳೆಗಳೆಲ್ಲ ಕಲಸುಮೇಲೋಗರವಾಗಿದ್ದವು. ನಮ್ಮ ಯಜಮಾನರದು ಒಂದು ಕಟ್ಟುನಿಟ್ಟು, ಹೊಲಿಯುವವರು ಓದಬಾರದು. 'ಪುಟದ ನಂಬರು ನೋಡು, ಮಿಕ್ಕಿದ್ದು ನಿನಗ್ಯಾಕೆ?' ಅನ್ನುತ್ತಾರೆ. ಇಷ್ಟು ವರ್ಷ ನಾನು ಹೊಲಿದ ಸಾವಿರಾರು ಪುಸ್ತಕದಲ್ಲಿ ಒಂದನ್ನೂ ಓದಿದವಳಲ್ಲ. ಆದರೆ ಕೈಬರಹದ ಈ ಪುಸ್ತಕಕ್ಕೆ ಪುಟದ ನಂಬರೇ ಇರಲಿಲ್ಲ. ಹಾಳೆ ಜೋಡಿಸಬೇಕಾದರೆ ತಾರೀಖು ಓದಬೇಕು, ತಾರೀಖು ಓದುವ ಕಣ್ಣು ಅಲ್ಲಿಗೇ ನಿಲ್ಲುತ್ತದೆಯೇ? ನಿನ್ನ ಅಕ್ಷರ ಕಂಡಿತು. ಆ ಶುಕ್ರವಾರದ್ದು ಸಿಕ್ಕಿತು. ನನ್ನ ವಿಷಯದ ಹಿಂದೆ ಮುಂದೆ ಇನ್ನೂ ಎಷ್ಟೋ ಮನೆಗಳ ವಿಷಯ, ಕುಡಿಯುವ ಗಂಡ, ಫೇಲಾದ ಮಗ, ಕಾಣೆಯಾದ ಸರ, ಯಾವುದಕ್ಕೂ ಮುಚ್ಚುಮರೆ ಇಲ್ಲ. ಅದರ ಹಿಂದಿನ ವಾರದ ಹಾಳೆಯಲ್ಲಿ, ನಿನ್ನದೇ ಕೈಯಲ್ಲಿ, ನಿನ್ನದೇ ವಿಷಯ. ಮೂರು ತಿಂಗಳಿಗೆ ಬಸಿರು ಇಳಿದುಹೋಯಿತು, ಮನೆಯವರಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯಕ್ಕಾಗಿ ಪ್ರಾರ್ಥಿಸಿ ಎಂದು.

ಸೂಜಿ ಕೆಳಗಿಟ್ಟುಬಿಟ್ಟೆ. ನನಗೆ ಗೊತ್ತೇ ಇರಲಿಲ್ಲ ಅಕ್ಕಾ. ಆ ವಾರ ನೀನು ತವರಿಗೆ ಬಂದು ನಮ್ಮ ಮನೆಯಲ್ಲೇ ಇದ್ದೆ, ನನ್ನ ಪಕ್ಕದಲ್ಲೇ ಮಲಗುತ್ತಿದ್ದೆ. ನಾನು ಮೂರು ಹೊತ್ತೂ ಗಡಿಯಾರದವರ ಪುರಾಣ ಹೇಳುತ್ತಿದ್ದೆ, ನೀನು ಹೂಂಗುಟ್ಟುತ್ತಿದ್ದೆ. ನಿನಗೆ ಹೇಳಿಕೊಳ್ಳಲು ಆ ಕೂಟ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ನಿನ್ನ ನೋವನ್ನು ಎಲ್ಲಿ ಇಟ್ಟೆಯೋ ನನ್ನದನ್ನೂ ಅಲ್ಲಿಯೇ ತಂದು ಇಟ್ಟೆ, ಅದರಲ್ಲಿ ತಪ್ಪಿದೆ ಎಂದು ನಿನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು ಎಂದು ಈಗಲೂ ಅನ್ನುತ್ತೇನೆ. ಆದರೆ ಆವತ್ತು ನಿನ್ನ ಮೇಲೆ ನನಗೆ ಅಯ್ಯೋ ಅನ್ನಿಸಿತು, ಅಷ್ಟು ವರ್ಷದಲ್ಲಿ ಮೊದಲ ಸಲ. ಅಂಟಿನ ಡಬ್ಬಿಯ ಮುಂದೆ ಕೂತು, ಸ್ವಾಮೀ, ಈ ಸಿಟ್ಟು ಹೊತ್ತು ಹೊತ್ತು ಸಾಕಾಗಿದೆ, ನೀನೇ ತೆಗೆದುಕೋ ಎಂದೆ. ಆಕಾಶವೇನೂ ಬಿರಿಯಲಿಲ್ಲ. ಮುಂದಿನ ಭಾನುವಾರ ಆ ಸಾಲು ಬಂತು, ಕೆಮ್ಮು ಬರಲಿಲ್ಲ. ನರ್ಸಮ್ಮ ನನ್ನ ಕಡೆ ತಿರುಗಿ ನೋಡಿದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ನಿನಗೊಂದು ಕಾಗದ ಬರೆದಿದ್ದರೆ ಎಲ್ಲಾ ಸರಿಹೋಗುತ್ತಿತ್ತು. ನಾನು ಅಂಥ ಬುದ್ಧಿವಂತೆಯಲ್ಲ. ನಮ್ಮಲ್ಲಿ ತಿಂಗಳ ಎರಡನೇ ಭಾನುವಾರ ಸಾಕ್ಷಿ ಹೇಳುವ ಭಾನುವಾರ, ನಿನ್ನ ಕಾಲದಲ್ಲೂ ಇತ್ತು. ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರೂ ಮುಂದೆ ಬಂದು ಮೂರು ನಿಮಿಷದಲ್ಲಿ ಹೇಳಬೇಕು. ಒಮ್ಮೆಯೂ ಎದ್ದವಳಲ್ಲ ನಾನು, ಮೊನ್ನೆ ಎದ್ದೆ. ಶುರುವಾದ ಮೇಲೆ ಎಲ್ಲಿಂದ ಬಂತೋ ಮಾತು, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ. ನಿನ್ನ ಶುಕ್ರವಾರ ಹೇಳಿದೆ, ಎರಡನೇ ಸಾಲಿನ ಚಿಕ್ಕಮ್ಮನ ವಿಷಯ ಹೇಳಿದೆ, ಮುರಿದ ಮದುವೆ ಹೇಳಿದೆ, ನಿನ್ನ ಮಾತನ್ನು ನಿನ್ನದೇ ದನಿಯಲ್ಲಿ ಹೇಳಿ ತೋರಿಸಿದೆ. ಜನ ಅಳುತ್ತಿದ್ದರು. ಅತ್ತಷ್ಟೂ ನನಗೆ ಹುರುಪು ಬಂತು, ಮುಚ್ಚಿಡುವುದೇಕೆ. ಕೊನೆಗೆ ಆ ಪುಸ್ತಕದಲ್ಲಿ ಓದಿದ್ದನ್ನೂ, ನೀನು ಕಳೆದುಕೊಂಡ ಮಗುವನ್ನೂ, ಮನೆಯವರಿಗೆ ಹೇಳಿರಲಿಲ್ಲ ಎನ್ನುವುದನ್ನೂ ಬಿಡಿಸಿ ಬಿಡಿಸಿ ಹೇಳಿ, 'ಇಂಥ ಅಕ್ಕನನ್ನು ನಾನು ಇವತ್ತು ಕ್ಷಮಿಸಿದೀನಿ' ಎಂದು ಮುಗಿಸಿದೆ. ಎಲ್ಲರೂ ಸ್ತೋತ್ರ ಹೇಳಿದರು. ಹನ್ನೆರಡು ನಿಮಿಷ. ಮೂರು ನಿಮಿಷಕ್ಕೆ ಬಾರಿಸಬೇಕಾದ ಗಂಟೆಯನ್ನು ಪಾಸ್ಟರು ಬಾರಿಸಲಿಲ್ಲ, ಪವಿತ್ರಾತ್ಮನೇ ಮಾತಾಡಿಸುತ್ತಿದ್ದಾನೆ ಎಂದುಕೊಂಡರಂತೆ.

ಕೆಳಗಿಳಿದು ಬಂದಾಗ ಮೈಯೆಲ್ಲ ಹಗುರವಾಗಿತ್ತು. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಹೊಸದಾಗಿ ಸಭೆಗೆ ಸೇರಿದ ಹೆಂಗಸೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. 'ಪಾಪ, ನಿಮ್ಮಕ್ಕನಿಗೆ ಮಗು ಹೋಗಿತ್ತಂತಲ್ಲ. ಅವರಿಗೋಸ್ಕರ ಪ್ರಾರ್ಥನೆ ಮಾಡ್ತೀವಮ್ಮ' ಅಂದರು. ಅನ್ನುವಾಗ ಅವರ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಅಕ್ಕಾ, ನನಗೆ ನೆಲ ಕುಸಿದ ಹಾಗಾಯಿತು. ನೀನು ಆಮೇಲೆ ಭಾವನಿಗೆ ಹೇಳಿದೆಯೋ ಇಲ್ಲವೋ, ನಿನ್ನ ಮಗಳಿಗೆ ಗೊತ್ತೋ ಇಲ್ಲವೋ, ನನಗೇನೂ ತಿಳಿಯದು. ತಿಳಿಯದೆಯೇ ಮೈಕಿನಲ್ಲಿ ಹೇಳಿದೆ. ನಿನಗಾದರೂ ಆವತ್ತು ಕಣ್ಣು ಮುಚ್ಚಿತ್ತು. ನಾನು ಎಲ್ಲರ ಮುಖ ನೋಡಿಕೊಂಡೇ ಹೇಳಿದ್ದೇನೆ.

ಪಾಸ್ಟರಮ್ಮನ ಹಿಂದೆ ಓಡಿದೆ. ಅವರಾಗಲೇ ರೆಕಾರ್ಡಿಂಗನ್ನು ಹೆಂಗಸರ ಗುಂಪಿಗೆ ಹಾಕಿಯಾಗಿತ್ತು. ನಿಮ್ಮಕ್ಕನೂ ಇದನ್ನು ಕೇಳಬೇಕು ಎಂದು ಸಂತೋಷದಲ್ಲಿದ್ದರು. ಬೇಡ ಎಂದು ಕೈಮುಗಿದೆ. 'ಅಯ್ಯೋ, ಒಳ್ಳೆ ಸಾಕ್ಷಿಯಮ್ಮ. ಕೇಳಿದ್ರೆ ಅವರ ಮನಸ್ಸೂ ಹಗುರ ಆಗುತ್ತೆ' ಅಂದರು. ಮತ್ತೆ ಬೇಡಿಕೊಂಡೆ. ನನ್ನ ಕಣ್ಣು ತಪ್ಪಿಸಿ, ನೋಡೋಣ ಅಂದರು. ಅವರ 'ನೋಡೋಣ' ನಿನಗೂ ಗೊತ್ತಿದೆ, ನನಗೂ ಗೊತ್ತಿದೆ. ಅವತ್ತಿನಿಂದ ಊಟಕ್ಕೆ ಕೂತರೆ ಏಳೋಣ, ಎದ್ದರೆ ಕೂರೋಣ. ಸೋಮವಾರ ಒಂದು ಶಾಲೆಯ ನಲವತ್ತು ರಿಜಿಸ್ಟರುಗಳಿಗೆ ರಟ್ಟು ತಲೆಕೆಳಗು ಹಾಕಿ ಅಂಟಿಸಿಬಿಟ್ಟೆ. ಯಜಮಾನರು ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, 'ಮೇಷ್ಟರು ತಲೆ ಕೆಳಗೆ ಮಾಡಿ ಹಾಜರಿ ಹಾಕ್ಬೇಕೇನಮ್ಮ?' ಅಂದರು. ಬೈದಿದ್ದರೆ ವಾಸಿಯಿತ್ತು. ಎಲ್ಲವನ್ನೂ ನೆನೆಸಿ ಬಿಡಿಸಿ ಮತ್ತೆ ಅಂಟಿಸುತ್ತಿದ್ದೇನೆ, ಇನ್ನೂ ಹದಿನಾರು ಬಾಕಿ.

ಬಿಡಿಸುತ್ತಾ ಕೂತಾಗ ಒಂದು ಯೋಚನೆ ಬಂತು, ಬಂದದ್ದು ಹೋಗುತ್ತಲೇ ಇಲ್ಲ. ಸ್ವಾಮಿ ಶಿಲುಬೆಯ ಮೇಲಿದ್ದಾಗ ಕೆಳಗೆ ನಿಂತವರನ್ನು ಕ್ಷಮಿಸಿದರಲ್ಲ, ಮೊಳೆ ಹೊಡೆದವನು ಯಾರು, ಉಗಿದವನು ಯಾರು ಎಂದು ಒಬ್ಬೊಬ್ಬರ ಪಟ್ಟಿ ಓದಿ ಕ್ಷಮಿಸಲಿಲ್ಲ. ಅವರಿಗೆ ತಾವೇನು ಮಾಡುತ್ತಿದ್ದಾರೋ ತಿಳಿಯದು ಎಂದು ತಂದೆಯ ಹತ್ತಿರ ಅವರ ಪರವಾಗಿಯೇ ಒಂದು ಮಾತು ಹೇಳಿ ಮುಗಿಸಿಬಿಟ್ಟರು. ನನಗೆ ಹನ್ನೆರಡು ನಿಮಿಷ ಬೇಕಾಯಿತು, ಅದರಲ್ಲಿ ಹನ್ನೊಂದೂ ಮುಕ್ಕಾಲು ನಿಮಿಷ ನಿನ್ನ ತಪ್ಪಿಗೇ ಹೋಯಿತು. ಕ್ಷಮಿಸಿದ್ದೇನೆ ಎಂದು ನಾನು ಸಾರಿದ್ದು ನಿನ್ನನ್ನು ಇನ್ನೊಂದು ಸಲ ಎಲ್ಲರೆದುರು ನಿಲ್ಲಿಸುವುದಕ್ಕೆ. ಸಿಟ್ಟು ಪೂರಾ ಹೋಗಿದೆ ಎಂದು ಈಗ ಬರೆದರೆ ಅದೂ ಸುಳ್ಳಾಗುತ್ತದೆ. ಒಂದೊಂದು ದಿನ ಕಪ್ಪು ತೊಳೆಯುವಾಗ ಆ ಶುಕ್ರವಾರದ ನಿನ್ನ ದನಿ ಕಿವಿಗೆ ಬರುತ್ತದೆ, ತೊಳೆದ ಕಪ್ಪನ್ನೇ ಮತ್ತೆ ಉಜ್ಜುತ್ತೇನೆ. ಆಗೆಲ್ಲ ಸ್ವಾಮಿಯ ಹತ್ತಿರ ಮತ್ತೆ ಮೊದಲಿನಿಂದ ಕೇಳಿಕೊಳ್ಳುತ್ತೇನೆ. ಒಂದೇ ಸಲಕ್ಕೆ ಆಗಿಹೋಗುವ ಕೆಲಸ ಎಂದುಕೊಂಡಿದ್ದೆ, ಅಲ್ಲ.

ಅದಕ್ಕೇ ಈ ಕಾಗದದಲ್ಲಿ ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಬರೆಯುತ್ತೇನೆ. ನಿನ್ನ ಮಾತನ್ನು ನಿನ್ನ ಬಾಯಿಂದ ಕಿತ್ತುಕೊಂಡೆ. ಅದು ಎಷ್ಟು ನೋಯುತ್ತದೆ ಎಂದು ಈ ಲೋಕದಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಮುಂದಿನ ಸಾಕ್ಷಿಯ ಭಾನುವಾರ ಮತ್ತೆ ಎದ್ದು ನಿಂತು, ಅಕ್ಕ ಮಾಡಿದ್ದನ್ನೇ ನಾನೂ ಮಾಡಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಕೂರಬೇಕು ಎಂದಿದ್ದೇನೆ. ಆದರೆ ಈ ಸಲ ನಿನ್ನನ್ನು ಕೇಳದೆ ಬಾಯಿ ಬಿಡುವುದಿಲ್ಲ. ಬೇಡ ಅನ್ನು, ತೆಪ್ಪಗೆ ಕೂತಿರುತ್ತೇನೆ. ಅದು ನನಗೆ ಎಷ್ಟು ಕಷ್ಟದ ಕೆಲಸ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ.

ಯಜಮಾನರು ಆಗಲೇ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಭಾವನಿಗೆ ನನ್ನ ವಂದನೆ ತಿಳಿಸು, ತಿಳಿಸುವ ಸ್ಥಿತಿಯಲ್ಲಿ ಮನೆ ಇದ್ದರೆ. ಮಗಳಿಗೆ, ನಿನಗೊಬ್ಬಳು ಚಿಕ್ಕಮ್ಮ ಇದ್ದಾಳೆ, ಸ್ವಲ್ಪ ತಲೆಕೆಟ್ಟವಳು, ಆದರೆ ಒಳ್ಳೆಯ ನೋಟುಬುಕ್ಕು ಹೊಲಿಯುತ್ತಾಳೆ ಎಂದು ಹೇಳು. ಕರ್ತನ ಕೈ ನಿಮ್ಮ ಮೂವರ ಮೇಲೂ ಇರಲಿ.

ನಿನ್ನ ತಂಗಿ,
ಪಿರಿಪಿರಿ
(ಹೀಗೆ ನನ್ನನ್ನು ಕರೆಯುತ್ತಿದ್ದವಳು ನೀನೊಬ್ಬಳೇ)

ತಾ.ಕ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಪಾಸ್ಟರಮ್ಮ ಈಗ ತಾನೇ ಅಂಗಡಿಗೆ ಬಂದು ಹೋದರು. ನಾನು ಬೇಡಿಕೊಳ್ಳುವ ಮುಂಚೆಯೇ ನಿನಗೂ ಕಳಿಸಿಬಿಟ್ಟಿದ್ದರಂತೆ, ನನಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲವಂತೆ. ನೀನೂ ಭಾವನೂ ಒಟ್ಟಿಗೆ ಕೂತು ಕೇಳಿದಿರಂತೆ. ಮಗುವಿನ ವಿಷಯ ಭಾವನಿಗೆ ಆ ತಿಂಗಳೇ ಹೇಳಿದ್ದೆಯಂತೆ. ಇಷ್ಟು ಕೇಳಿ ನನಗೆ ಹೋದ ಜೀವ ಬಂತು. ಆಮೇಲೆ ಅವರು ಹೇಳಿದ್ದಕ್ಕೆ ಬಂದ ಜೀವ ಮತ್ತೆ ಹೋಯಿತು. ಅಷ್ಟನ್ನೂ ಕೇಳಿದ ಮೇಲೆ ನೀನು ಫೋನು ಮಾಡಿ ಕೇಳಿದ್ದು ಒಂದೇ ಮಾತಂತೆ, 'ಅವಳಿಗೆ ಈಗಲೂ ಮೂರ್ಛೆ ಬರುತ್ತಾ?' ಗೊತ್ತಿಲ್ಲಮ್ಮ ಅಂದರಂತೆ. ಅವರಿಗೆ ಹೇಗೆ ಗೊತ್ತಿರಬೇಕು, ನಾನು ಯಾರಿಗೆ ಹೇಳಿದ್ದೇನೆ? 'ಹಾಗಾದ್ರೆ ಶುಕ್ರವಾರ ಬಿಡೋ ಹಾಗಿಲ್ಲ' ಅಂದೆಯಂತೆ. ಏನದು ಎಂದು ಅವರು ಕೆದಕಿದ ಮೇಲೆ ಹೇಳಿದೆಯಂತೆ: ನನ್ನ ಮೂರ್ಛೆ ನಿಲ್ಲಲಿ ಎಂದು ಹತ್ತೊಂಬತ್ತು ವರ್ಷದಿಂದ ಪ್ರತಿ ಶುಕ್ರವಾರ ಸಂಜೆಯವರೆಗೂ ಉಪವಾಸ ಇರುತ್ತೀಯಂತೆ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೈದರೂ ಬಿಟ್ಟಿಲ್ಲವಂತೆ. ನನ್ನ ಬಗ್ಗೆ ಕೇಳಿದಾಗಲೆಲ್ಲ ಅಮ್ಮ ಸುಮ್ಮನೆ ಕಣ್ಣೀರು ಹಾಕುತ್ತಿದ್ದಳಂತೆ, ಅದಕ್ಕೆ ಇನ್ನೂ ಬರುತ್ತದೆ ಎಂದೇ ತಿಳಿದುಕೊಂಡೆಯಂತೆ. ಅಕ್ಕಾ, ಅದು ನಿಂತು ಹನ್ನೊಂದು ವರ್ಷವಾಯಿತು. ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು. ಆವತ್ತು ಅಮ್ಮ ನಿನಗೆ ಹೇಳಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದಳು, ನಾನು ಬಾಗಿಲಿಗೆ ಅಡ್ಡ ನಿಂತೆ. ನೀನು ನನಗೆ ನೋವು ಮಾಡಿದ್ದು ಒಂದು ಶುಕ್ರವಾರ. ನಾನು ನಿನ್ನನ್ನು ಹಸಿದಿರಿಸಿದ್ದು ಎಷ್ಟು ಶುಕ್ರವಾರ ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟೆ. ಇದನ್ನು ಸಂಜೆಯ ಕೊರಿಯರಿಗೆ ಕೊಡುತ್ತೇನೆ, ನಾಳೆ ನಿನ್ನ ಕೈ ಸೇರುತ್ತದೆ. ನಾಳಿದ್ದು ಶುಕ್ರವಾರ. ನಂಬರು ಈಸಿಕೊಂಡಿದ್ದೇನೆ, ಬೆಳಗ್ಗೆ ಎಂಟಕ್ಕೆ ಫೋನು ಮಾಡುತ್ತೇನೆ. ಮಾತು ತೋಚದಿದ್ದರೆ ತಿಂಡಿ ಆಯ್ತಾ ಎಂದಷ್ಟೇ ಕೇಳುತ್ತೇನೆ. ತಿಂದಿದ್ದರೆ ಮಾತ್ರ ಆಯ್ತು ಅನ್ನು.